ಕೇಳದೆ ತೆಗೆದ ಮಚ್ಚೆ

ಶರಣಪ್ಪನವರೇ, ನಿಮ್ಮ ಕೆನ್ನೆಯ ಮಚ್ಚೆಯನ್ನು ನಿಮ್ಮನ್ನು ಕೇಳದೆ ಕತ್ತರಿಸಿ ತೆಗೆದೆ. ಇದು ನಿಮಗೆ ಗೊತ್ತು — ಕೆನ್ನೆ ನಿಮ್ಮದೇ. ಗೊತ್ತಿಲ್ಲದ್ದು ಬೇರೆ: ಅದನ್ನು ನೀವಾಗಿಯೇ ತೆಗೆಸಿಕೊಂಡಿರಿ ಎಂದು ನಾನು ಬರೆದುಕೊಟ್ಟೆ.

ಎಪ್ಪತ್ತರ ದಶಕ, ಶಹಾಬಾದಿನ ಕಡೆಯ ಒಂದು ಸಣ್ಣ ದವಾಖಾನೆ, ನಾನು ಹೊಸ ಡಾಕ್ಟರು. ಕಾರ್ಖಾನೆಯಲ್ಲಿ ದಿನಗೂಲಿಗಿದ್ದ ನೀವು ಭಂಕೂರದಿಂದ ಬಂದಿರಿ. ಕತ್ತಿನ ಹಿಂದೆ ಗಡ್ಡೆ. ಚೀಲ ಹೊತ್ತರೆ ಒತ್ತುತ್ತದೆ ಎಂದಿರಿ. ಒಪ್ಪಿಗೆ ಪತ್ರದಲ್ಲಿ ನಿಮ್ಮ ಹೆಬ್ಬೆಟ್ಟು ಆಗಲೇ ಬಿದ್ದಿತ್ತು. ನಮ್ಮ ಕಂಪೌಂಡರ್ ಬೆಳಿಗ್ಗೆಯೇ ಸಾಲಿನಲ್ಲಿ ನಿಂತವರೆಲ್ಲರ ಹೆಬ್ಬೆಟ್ಟನ್ನು ಖಾಲಿ ಫಾರಂಗಳ ಮೇಲೆ ಒತ್ತಿಸಿಕೊಳ್ಳುತ್ತಿದ್ದ — ಹೊತ್ತೇರಿದರೆ ನಮ್ಮ ಬಿಸಿಲಿಗೆ ಇಂಕಿನ ಪ್ಯಾಡು ಒಣಗುತ್ತಿತ್ತು. ಕೆಮ್ಮಿಗೆ ಬಂದವರೂ ಆಪರೇಷನ್ನಿಗೆ ಒಪ್ಪಿಯೇ ಒಳಗೆ ಬರುತ್ತಿದ್ದರು.

ಗಡ್ಡೆ ಚೆನ್ನಾಗಿ ಬಂತು. ಜೋಮು ಹಿಡಿಸುವ ಸೂಜಿ, ಸಣ್ಣದೊಂದು ಸೀಳು, ಗಡ್ಡೆಯ ಪೊರೆ ಒಡೆಯದಂತೆ ಸುತ್ತ ಬಿಡಿಸಿದರೆ — ಸುಲಿದ ಬೆಳ್ಳುಳ್ಳಿಯ ಹಾಗೆ ಇಡಿಯಾಗಿ ಕೈಗೆ! ಹೊಲಿಗೆ ಹಾಕಿದೆ. ಸಿರಿಂಜಿನಲ್ಲಿ ಔಷಧ ಉಳಿದಿತ್ತು. ಚೆಲ್ಲಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ನೀವು ಎದ್ದು ಕುಳಿತಿರಿ, ಕೆನ್ನೆಯ ಮೇಲೆ ಕಡಲೆಕಾಳಿನಷ್ಟು ಕಪ್ಪು ಮಚ್ಚೆ —

"ಅಲ್ಲೇನೂ ಬ್ಯಾನಿ ಇಲ್ರಿ ಸಾಹೇಬ್ರ," ಎಂದಿರಿ.

"ಸುಮ್ನ ಕುಂದ್ರಿ. ಮಾತಾಡಿದ್ರ ಸೂಜಿ ಜಾರ್ತದ."

ನೀವು ಸುಮ್ಮನೆ ಕುಳಿತಿರಿ. ಅದನ್ನೇ ನಾನು ಒಪ್ಪಿಗೆ ಎಂದುಕೊಂಡೆ.

ಎಡಗೆನ್ನೆಯೋ, ಬಲಗೆನ್ನೆಯೋ? ಡಾಕ್ಟರ್ ಗೆಳೆಯರಿಗೆ ಈ ಕಥೆ ಹೇಳುವಾಗ ಒಮ್ಮೆ ಎಡ ಎಂದಿದ್ದೇನೆ, ಒಮ್ಮೆ ಬಲ. ಹೇಳಿದಷ್ಟೂ ಮಚ್ಚೆ ಬೆಳೆಯುತ್ತ ಬಂದು, ಈಗ ತೆಗೆಯಲೇಬೇಕಾದಷ್ಟು ದೊಡ್ಡದಾಗಿದೆ.

ಕಥೆ ಯಾವಾಗಲೂ ನಿಮ್ಮ ಮನೆಯವರ ಮಾತಿಗೆ ಮುಗಿಯುತ್ತಿತ್ತು. ಮರುದಿನವೇ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. "ಗಡ್ಡಿ ತೆಗಸ್ಲಿಕ್ಕ ಕಳಿಸಿದ್ರ ಮಚ್ಚಿ ತೆಗ್ದೀರಿ! ನಾಳಿಗಿ ಹಲ್ಲು ಕೀಳಸ್ಲಿಕ್ಕ ಕಳಿಸಿದ್ರ ಮೂಗಾದ್ರೂ ಉಳಸ್ತೀರೋ ಇಲ್ಲೋ? ಎಲ್ಲಿಟ್ಟೀರಿ ಅದನ್ನ? ಕೊಡ್ರಿ!"

ಅದು ಕಸದ ಬಕೆಟ್ಟಿಗೆ ಹೋಗಿತ್ತು. ಅಂಥದನ್ನು ಪರೀಕ್ಷೆಗೆ ಕಳಿಸಬೇಕು, ಅದೂ ನನಗೆ ಗೊತ್ತಿತ್ತು. ಗೆಳೆಯರು ಇಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಇಲ್ಲಿಗೇ ನಿಲ್ಲಿಸುತ್ತಿದ್ದೆ.

ಮುಂದಿನದು ಇದು. ತಿಂಗಳ ಮೇಲೆ ಕಾರ್ಖಾನೆಯಲ್ಲಿ ನಿಮ್ಮನ್ನು ಖಾಯಂ ಮಾಡುವ ಹೊತ್ತು ಬಂತು. ಗುಮಾಸ್ತ ಪುಸ್ತಕ ತೆರೆದ. ಗುರುತು: ಕೆನ್ನೆಯ ಮೇಲೆ ಮಚ್ಚೆ.

"ಪುಸ್ತಕದಾಗ ಮಚ್ಚಿ ಅದ, ಮಾರಿ ಮ್ಯಾಲ ಇಲ್ಲ. ನೀ ಶರಣಪ್ಪ ಹೌದೋ, ಅವನ ಬದ್ಲಿಗಿ ಬಂದಂವೋ?" ಎಂದನಂತೆ. ಪುಸ್ತಕದಲ್ಲಿ ನಿಮ್ಮ ಹೆಬ್ಬೆಟ್ಟೂ ಇತ್ತು. ಪಾಪ, ಅವನಿಗೆ ಹೆಬ್ಬೆಟ್ಟು ಓದಲು ಬರುತ್ತಿರಲಿಲ್ಲ. ಡಾಕ್ಟರ ಕಾಗದ ತಾ ಎಂದ.

'ನಾನೇ ಕೇಳದೆ ತೆಗೆದೆ' — ಮೂರು ಪದ ಸಾಕಿತ್ತು. ಕೈ ಅಷ್ಟು ದೂರ ಹೋಗಲಿಲ್ಲ. 'ರೋಗಿಯ ಸ್ವಂತ ಕೋರಿಕೆಯ ಮೇರೆಗೆ' ಎಂದು ಬರೆದೆ. ದವಾಖಾನೆಯ ಫಾರಂನಲ್ಲೂ ನಿಮ್ಮ ಹೆಬ್ಬೆಟ್ಟಿನ ಮೇಲಿದ್ದ ಖಾಲಿ ಜಾಗದಲ್ಲಿ ಅದನ್ನೇ ತುಂಬಿದೆ.

ಖಾಯಂ ಆಗುವ ಹೊತ್ತಿಗೆ ತನ್ನ ಗುರುತನ್ನು ತಾನೇ ಕೀಳಿಸಿಕೊಂಡವನು! ಗುಮಾಸ್ತನ ಅನುಮಾನ ಗಟ್ಟಿಯಾಯಿತು. ಆ ಜಾಗಕ್ಕೆ ಬೇರೊಬ್ಬ ಬಂದ. ನೀವು ಕಲ್ಲಿನ ಗಣಿಗೆ ಇಳಿದಿರಿ.

ಆಮೇಲೊಂದು ದಿನ ನೀವೇ ಕಡಿದ, ನೆಲಕ್ಕೆ ಹಾಸುವ ಫರಸಿ ಕಲ್ಲೊಂದನ್ನು ಹೊತ್ತು ತಂದು ನನ್ನ ಬಾಗಿಲಲ್ಲಿ ಇಳಿಸಿದಿರಿ.

"ಗಡ್ಡಿ ತೆಗ್ದೀರಲ್ರಿ, ಅದಕ್ಕ. ಕತ್ತು ಈಗ ಭಾಳ ಹಗುರ ಅದ." ಆಮೇಲೆ, ಹೋಗುವಾಗ — "ನಿಮ್ಮ ಕಾಗದ ನೋಡಿ ಅವರಿಗಿ ಗುಮಾನಿ ಇನ್ನಾ ಜಾಸ್ತಿ ಆಯ್ತ್ರಿ ಸಾಹೇಬ್ರ. ಏನ್ ಬರ್ದಿದ್ರಿ?"

"ಇದ್ದದ್ದೇ ಬರ್ದೀನಿ," ಎಂದೆ.

ನೀವು ನಕ್ಕಿರಿ ಎಂದು ನೆನಪು. ಆದರೆ ನೆನಪು ನನ್ನದು. ನನಗೆ ಅನುಕೂಲವಾಗುವಾಗ ನಿಮ್ಮನ್ನು ನಗಿಸುತ್ತದೆ.

ಆ ಕಲ್ಲು ನಮ್ಮ ಬಚ್ಚಲಲ್ಲಿದೆ. ದಿನಾ ಅದರ ಮೇಲೆ ನಿಂತೇ ಸ್ನಾನ.

ಈಗ ಆ ಮೂರು ಪದದ ಕಾಗದ ಬರೆದಿದ್ದೇನೆ. ಅದರಿಂದ ಹೋದ ನೌಕರಿ ಬರುವುದಿಲ್ಲ. ಭಂಕೂರಕ್ಕೆ ಬಂದು ನಿಮಗೆ ಓದಿ ಹೇಳಬೇಕೆಂದಿದ್ದೇನೆ. ಈ ಸಲ ಮೊದಲು ಬಾಗಿಲಲ್ಲೇ ನಿಂತು ಕೇಳುತ್ತೇನೆ — ಓದಲೇ? ಬೇಡ ಎಂದರೆ ಮಡಚಿಕೊಂಡು ಹಿಂದಿರುಗುತ್ತೇನೆ. ನೀವು ಸುಮ್ಮನೆ ಕುಳಿತರೂ — ಹಿಂದಿರುಗುತ್ತೇನೆ.