ಮರುಳಸಿದ್ದಯ್ಯನವರು ಮತ್ತು ಪಾವಗಡದ ಒನ್ಸ್ ಮೋರ್

ಮಧುಗಿರಿ ಸೀಮೆಯ ನಾಟಕ ಕಂಪನಿಗಳಲ್ಲಿ ಕಾಲು ಹಾರ್ಮೋನಿಯಂ ಎಂದರೆ ಮರುಳಸಿದ್ದಯ್ಯನವರು ಎಂಬ ಮಾತು ಮೂವತ್ತು ವರ್ಷಗಳಿಂದ ನಡೆದುಬಂದಿದೆ. ರಂಗದ ಮುಂದೆ ಪಿಟೀಲು, ಕ್ಲಾರಿಯೊನೆಟ್, ತಬಲಾಗಳ ನಡುವೆ ಕುಳಿತು, ಪೆಡಲು ತುಳಿಯುತ್ತಾ ಇಡೀ ಮೇಳವನ್ನು ನಡೆಸಿದ ಆ ಹಿರಿಯರು ಈಗ ಅರವತ್ತು ತುಂಬಿ ವಾದ್ಯ ಬಿಟ್ಟೇಳುತ್ತಿದ್ದಾರೆ. ಅವರ ಮಗ್ಗುಲಲ್ಲೇ ತಬಲಾ ಬಾರಿಸಿಕೊಂಡು ಬಂದ ನನಗೆ ಅವರ ಈ ಅಭಿನಂದನ ಸಂಪುಟಕ್ಕೆ ನಾಲ್ಕು ಮಾತು ಬರೆಯುವ ಭಾಗ್ಯ ಒದಗಿದೆ. ಭಾಗ್ಯವೋ ಶಿಕ್ಷೆಯೋ, ಓದಿದವರೇ ಹೇಳಬೇಕು.

ಅವರದು ದೊಡ್ಡೇರಿ. ತಂದೆತಾಯಿಗಳು ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ಪುಟ್ಟ ತಮ್ಮ ಚನ್ನಮಲ್ಲಯ್ಯನ ಕೈಹಿಡಿದುಕೊಂಡು ಕಂಪನಿ ಸೇರಿದರು. ಅವನಿಗೆ ಅನ್ನವನ್ನೂ ಹಾಡನ್ನೂ ಕೊಟ್ಟವರು ಅವರೇ. ಬೆಳೆದ ಚನ್ನಮಲ್ಲಯ್ಯ ಸ್ತ್ರೀಪಾತ್ರಕ್ಕೆ ನಿಂತನೆಂದರೆ ಕೊರಟಗೆರೆ ಕ್ಯಾಂಪಿನಲ್ಲಿ ಡೇರೆ ಸಾಲದಾಗುತ್ತಿತ್ತು.

ಶಿರಾದ ಕ್ಯಾಂಪಿನಲ್ಲಿ ಅವನ ಕೆಮ್ಮಿನಲ್ಲಿ ರಕ್ತ ಕಂಡಿತು. ಹಾಡು ನಿಲ್ಲಿಸದಿದ್ದರೆ ಉಳಿಯುವುದಿಲ್ಲವೆಂದು ವೈದ್ಯರು ಹೇಳಿದರು. ಕಂಠ ಹೋದ ನಟನಿಗೆ ಪರದೆ ಎಳೆಯುವ ಕೆಲಸ ಕೊಡುವುದು ಅಂದಿನ ಕಂಪನಿಗಳ ವಾಡಿಕೆ.

"ಅಣ್ಣಾ, ಪರದೆ ಹಗ್ಗ ಎಳ್ಕೊಂಡು ನಾನು ಬದುಕ್ಲಾರೆ. ಯಾರ್ಗೂ ಹೇಳ್ಬ್ಯಾಡ, ಕೈ ಮುಗೀತೀನಿ," ಎಂದು ತಮ್ಮ ಅತ್ತ. ಅಣ್ಣ ಹೇಳಲಿಲ್ಲ. ಅವನ ಕಂಠಕ್ಕೆ ಸುಲಭವಾಗಲೆಂದು ಶ್ರುತಿಯನ್ನು ಒಂದು ಮನೆ, ಎಂದರೆ ಒಂದು ಸ್ವರದಷ್ಟು, ಇಳಿಸಿದರು. ತಬಲಾವನ್ನೂ ಅದಕ್ಕೆ ತಕ್ಕಂತೆ ಇಳಿಸಲೇಬೇಕಾದ್ದರಿಂದ ಗುಟ್ಟು ನನಗೂ ತಿಳಿಯಿತು. ತಮ್ಮನ ಉಸಿರು ಸಾಲದ ಕಡೆ ಹಾಡಿನ ಸಾಲನ್ನು ಹಾರ್ಮೋನಿಯಂ ಪೂರೈಸುತ್ತಿತ್ತು. ಕಂಪನಿಯ ಯಜಮಾನ ತಿಮ್ಮರಾಯಪ್ಪನವರಂಥ ಘಾಟಿಗೂ ಸುಳಿವು ಹತ್ತಲಿಲ್ಲ.

ಮುಂದಿನ ಕ್ಯಾಂಪು ಪಾವಗಡ. ಸತ್ತ ಮಗನ ಮುಂದೆ ರಾಣಿ ಅಳುವ ಹಾಡಿನ ನಡುವೆ ಚನ್ನಮಲ್ಲಯ್ಯನ ದನಿ ಒಡೆಯಿತು. ಎದೆ ಹಿಡಿದು ಕುಸಿದ. ಜನ ಅದನ್ನು ಅಭಿನಯವೆಂದೇ ತಿಳಿದರು. "ಒನ್ಸ್ ಮೋರ್!" ಎಂದೂ, ಮತ್ತೆ ಹಾಡೆಂದು ತೆಲುಗಿನಲ್ಲಿ "ಮಳ್ಳೀ ಪಾಡು!" ಎಂದೂ ಕೂಗೆದ್ದಿತು. ಹಾರ್ಮೋನಿಯಂ ಮೊದಲ ಸ್ವರ ಎತ್ತಿಕೊಡದೆ ಯಾವ ನಟನೂ ಹಾಡನ್ನು ಮತ್ತೆ ಹಿಡಿಯುವಂತಿರಲಿಲ್ಲ.

"ಎತ್ಕೊಡಯ್ಯಾ, ಡೇರೆ ಕಿತ್ತಾಕ್ಬುಡ್ತಾರೆ!" ಎಂದು ಯಜಮಾನರು ರಂಗದ ಪಕ್ಕದಿಂದ ಗದರಿದರು.

"ಬ್ಯಾಡ ಕಣಯ್ಯಾ," ಎಂದು ನಾನು ಅವರ ತೊಡೆ ಅದುಮಿದೆ. ರಂಗದ ಮೇಲಿನಿಂದ ಚನ್ನಮಲ್ಲಯ್ಯ ಕಣ್ಣಲ್ಲೇ ಬೇಡಿದ, ಎತ್ತಿಕೊಡು ಎಂದು. ಅವರು ಎತ್ತಿಕೊಟ್ಟರು. ಎರಡನೆಯ ಸಾಲಿಗೆ ಬಿಳಿ ಸೀರೆಯ ತುಂಬ ರಕ್ತ. ಚಪ್ಪಾಳೆ ನಿಲ್ಲುವ ಮೊದಲೇ ಜೀವ ಹೋಗಿತ್ತು. ಆ ಚಪ್ಪಾಳೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಮರುಳಸಿದ್ದಯ್ಯನವರು ಕಂಪನಿ ಬಿಡಲಿಲ್ಲ. ಆದರೆ ಮತ್ತೆಂದೂ ಒನ್ಸ್ ಮೋರ್‌ಗೆ ಬಾರಿಸಲಿಲ್ಲ. ಕೂಗೆದ್ದರೆ ವಾದ್ಯದ ಮುಚ್ಚಳ ಹಾಕಿ ಕೈಕಟ್ಟಿ ಕೂರುವರು. ಬೈಗುಳ ತಿಂದರು, ಒಮ್ಮೆ ಶಿರಾದಲ್ಲಿ ಚಪ್ಪಲಿಯೇಟನ್ನೂ ತಿಂದರು. ಗಂಟಲು ಕಟ್ಟಿದ ಕಿರಿಯರನ್ನು, ಯಜಮಾನರೊಡನೆ ಜಗಳ ಕಾದು, ರಂಗಕ್ಕೆ ಬಿಡದೆ ಮಲಗಿಸಿದರು. ಹಾಗೆ ಉಳಿದುಕೊಂಡವರಲ್ಲಿ ಹಲವರು ಈ ಸಂಪುಟಕ್ಕೆ ಬರೆದಿದ್ದಾರೆ.

ಬರೆಯುವ ಮುನ್ನ ಅಪ್ಪಣೆ ಬೇಡಲು ಹೋಗಿ, ಪಾವಗಡದ ಪ್ರಸಂಗವನ್ನು ಬಿಡಲೇ ಎಂದು ಕೇಳಿದೆ.

"ಬಿಡಬ್ಯಾಡ. ನಾನೇ ಎತ್ಕೊಟ್ಟೆ ಅಂತ ಬರಿ," ಎಂದರು. "ಅವನು ಬೇಡ್ದ ಅಂತ ಮಾತ್ರ ಬರೀಬ್ಯಾಡ ಕಣಯ್ಯಾ."

ಆ ಹಿರಿಯರ ಮಾತನ್ನು ಮೀರಿ ಎರಡನ್ನೂ ಬರೆದಿದ್ದೇನೆ. ಅವರು ನೂರು ವರ್ಷ ಬಾಳಲಿ, ಊರ ಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಡಲಿ. ಇದನ್ನು ಓದಿಸಿ ಕೇಳಿ, ನನ್ನನ್ನು ಬೈಯುವುದಕ್ಕಾದರೂ ಬಹುಕಾಲ ನಮ್ಮೊಡನಿರಲಿ.