ಖಣದ ಚೂರಿನ ಗಿಳಿ

ಹೊಸ ಖಣದ ಬಟ್ಟೆಯ ವಾಸನೆ ಬಂದರೆ ನಾನು ಮತ್ತೆ ಹುಡುಗಿಯಾಗಿ ಮುನವಳ್ಳಿಯ ಮನೆಯಲ್ಲಿ ಅವ್ವನ ಹೊಲಿಗೆ ಮಷೀನಿನ ಪಕ್ಕ ಕೂತಿರುತ್ತೇನೆ. ಅವ್ವ ಊರವರ ಕುಪ್ಪಸ ಹೊಲಿಯುತ್ತಿದ್ದಳು. ಉದುರಿದ ಹಸಿರು ಚೂರುಗಳಿಂದ ನಾನೊಂದು ಗಿಳಿ ಮಾಡುತ್ತಿದ್ದೆ. ಸೂಜಿ ಹಿಡಿದರೆ ಸಾಕು, ನಳಕ್ಕೆ ನೀರು ಬರುತ್ತಿತ್ತು, ಇಲ್ಲವೇ ತಮ್ಮ ಅಳುತ್ತಿದ್ದ. ರೆಕ್ಕೆಗೇ ಎರಡು ವಾರ ಹಿಡಿಯಿತು. ಕೊಕ್ಕೊಂದೇ ಬಾಕಿ ಇತ್ತು. ಅಂದು ಶಾಲೆಯಿಂದ ಬಂದು ನೋಡಿದರೆ ಅವ್ವ ಅದರಿಂದಲೇ ಮಷೀನಿನ ಎಣ್ಣೆ ಒರೆಸುತ್ತಿದ್ದಳು.

“ಅವ್ವಾ, ಅದು ನನ್ನ ಗಿಳಿ!”

“ಚಿಂದಿ ಅಂತ ತಿಳದ್ನೆವಾ. ಇನ್ನೊಂದ ಮಾಡೀಯಂತ. ಮೊದಲ ಕೊಡಾ ತಗೊಂಡ ಹೋಗು, ನೀರ ಬಂದಾವ.”

ಅಳುತ್ತಲೇ ಹೋದೆ. ಇನ್ನೊಂದು ಮಾಡುವ ಪುರುಸೊತ್ತು ಸಿಗಲೇ ಇಲ್ಲ.

ಇಷ್ಟು ವರ್ಷಗಳ ಮೇಲೆ ಇವತ್ತು ಗಿಳಿ ಮಾಡಲೆಂದು ಖಣದ ಚೂರುಗಳನ್ನು ಹರಡಿಕೊಂಡು ಕೂತಿದ್ದೆ. ಗಂಡ ಇಣುಕಿದರು: “ಖಾಲೀನ ಕುಂತೀಯಲ್ಲ, ಒಂದೀಟ ಚಾ ಮಾಡು.”

“ಖಾಲಿ ಕುಂತಿಲ್ಲರಿ” ಎಂದೆ. ಎನ್ನುತ್ತಲೇ ಎದ್ದುಬಿಟ್ಟಿದ್ದೆ, ನನ್ನ ಮೇಲೇ ಸಿಟ್ಟು ಬಂತು.