ಶರಾವತಿ ದಡದ ಮರುಭೂಮಿ

ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಉಪ್ಪಿನಕಾಯಿ ಭರಣಿಗೂ ಹಪ್ಪಳದ ಡಬ್ಬಕ್ಕೂ ನಡುವೆ ಒಂದು ಸ್ಟೀಲಿನ ಡಬ್ಬವಿದೆ. ಬಂದ ನೆಂಟರು ಯಾರಾದರೂ ಚಕ್ಕುಲಿಯಿರಬಹುದೆಂಬ ಆಸೆಯಿಂದ ಮುಚ್ಚಳ ತೆಗೆದರೆ ಒಳಗೆ ಕಾಣುವುದು ಹುರಿದ ಅಕ್ಕಿ, ಅಕ್ಕಿಯ ನಡುವೆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟ ಎರಡು ಕ್ಯಾಮರಾ ಲೆನ್ಸು. ಗಾಬರಿಯಾಗಬೇಡಿ. ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಮದುವೆಗೆ ಹೊಲಿಸಿದ ಕೋಟಿಗೆ ಸಮಭಾವದಿಂದ ಬೂಷ್ಟು ಹಿಡಿಯುವ ಈ ಕರಾವಳಿಯಲ್ಲಿ ಗಾಜಿಗೂ ವಿನಾಯಿತಿ ಇಲ್ಲ. ಹುರಿದ ಅಕ್ಕಿ ತೇವ ಹೀರುತ್ತದೆಂದು ನನಗೆ ಹಿರಿಯ ಛಾಯಾಗ್ರಾಹಕರೊಬ್ಬರು ಹೇಳಿಕೊಟ್ಟಿದ್ದರು. ಹೆಂಡತಿ ಹದಿನೈದು ದಿನಕ್ಕೊಮ್ಮೆ ಆ ಅಕ್ಕಿಯನ್ನು ಬದಲಿಸುತ್ತಾಳೆ, ಬದಲಿಸುವಾಗ ನೆಂಟರಿಗೂ ಇಷ್ಟು ಅಕ್ಕಿ ಖರ್ಚಾಗುವುದಿಲ್ಲ ಎಂಬ ಮಾತನ್ನು ತಪ್ಪದೆ ಹೇಳುತ್ತಾಳೆ.

ಹೊನ್ನಾವರದಲ್ಲಿ ನನ್ನದೊಂದು ಸ್ಟುಡಿಯೋ. ರೀಲು ಹಾಕಿ ಫೋಟೋ ತೆಗೆಯುತ್ತಿದ್ದ ಕಾಲದಿಂದಲೂ ಮದುವೆಯೇ ನನ್ನ ಮುಖ್ಯ ಬೆಳೆ. ಈ ಕಸುಬಿನಲ್ಲಿ ನನಗೆ ಸಿಟ್ಟು ಬರಿಸುವ ಮಾತು ಒಂದೇ. ಆಲ್ಬಮ್ ತಿರುವಿ ನೋಡಿ, ಕೊನೆಯ ಪುಟ ಮುಚ್ಚಿ, ‘ಎಂತ ಒಳ್ಳೆ ಕ್ಯಾಮರಾ ಮಾರಾಯ್ರೆ’ ಎನ್ನುತ್ತಾರೆ. ದೋಸೆ ತಿಂದು ಕಾವಲಿಯನ್ನು ಹೊಗಳುವ ಜನ! ಆದರೆ ಸ್ನೇಹಿತರೇ, ನಿಮ್ಮೆದುರು ಸುಳ್ಳೇಕೆ ಹೇಳಲಿ, ಮೊದಲ ಹತ್ತು ವರ್ಷ ನನ್ನ ಕೀರ್ತಿಗೆ ಕಾರಣ ನಾನೂ ಅಲ್ಲ, ಕ್ಯಾಮರಾವೂ ಅಲ್ಲ, ಬೂಷ್ಟು. ಅಕ್ಕಿಯ ಉಪಾಯ ತಿಳಿಯುವ ಮೊದಲೇ ನನ್ನ ಹಳೆಯ ಲೆನ್ಸಿನೊಳಗೆ ಜೇಡರ ಬಲೆಯಂತಹ ಬಿಳಿಯ ಎಳೆಗಳು ಹಬ್ಬಿಬಿಟ್ಟಿದ್ದವು, ಅವುಗಳ ದೆಸೆಯಿಂದ ನಾನು ತೆಗೆದ ವಧುಗಳೆಲ್ಲ ಮುಂಜಾವಿನ ಮಂಜಿನಲ್ಲಿ ನಿಂತವರಂತೆ ಕೋಮಲವಾಗಿ, ಒಂದು ಸುತ್ತು ಬೆಳ್ಳಗಾಗಿ ಬರುತ್ತಿದ್ದರು. ಕುಮಟೆಯಿಂದ ಭಟ್ಕಳದವರೆಗೆ ಹೆಣ್ಣಿನ ಕಡೆಯವರು ನನ್ನನ್ನೇ ಕರೆಯುತ್ತಿದ್ದುದು ಅದಕ್ಕೇ. ಬೂಷ್ಟಿನ ಈ ಕೃಪೆಯನ್ನು ನಾನು ಕಲೆಯೆಂದು ನಂಬಿದ್ದೆ.

ಹೊಸ ಶತಮಾನ ಬರುತ್ತಿದ್ದ ಹೊತ್ತಿಗೆ ನನಗೂ ಹೊಸದರ ಹುಚ್ಚು ಹಿಡಿಯಿತು. ಭಟ್ಕಳದ ಪೇಟೆಯಲ್ಲಿ ಕೊಲ್ಲಿ ದೇಶದಿಂದ ಬಂದ ಸಾಮಾನು ಮಾರುವ ಅಂಗಡಿಗಳು ನಿಮಗೆ ಗೊತ್ತಲ್ಲ, ಅತ್ತರಿನ ಶೀಶೆ, ಕಂಬಳಿ, ಟೇಪ್‌ರೆಕಾರ್ಡರುಗಳ ನಡುವೆ ಒಂದು ಗಾಜಿನ ಕಪಾಟಿನಲ್ಲಿ ಆ ಲೆನ್ಸು ಕುಳಿತಿತ್ತು. ಹುಟ್ಟಿದ್ದು ಜಪಾನಿನಲ್ಲಿ, ಬೆಳೆದದ್ದು ದುಬೈಯಲ್ಲಿ, ಒಳಗೆ ತೇವದ ಸುಳಿವೇ ಇಲ್ಲ. ಅಂಗಡಿ ಮುಚ್ಚುವ ಶುಕ್ರವಾರಗಳನ್ನು ಬಿಟ್ಟು ಒಂದು ತಿಂಗಳು ದಿನವೂ ಆ ಅಂಗಡಿಗೆ ಹೋಗಿ, ಅದನ್ನು ಎತ್ತಿ, ನೋಡಿ, ಇಟ್ಟು ಬಂದೆ. ಕನ್ಯಾಪರೀಕ್ಷೆಗೆ ಹೋದವರು ಕೂಡ ಇಷ್ಟು ಸಲ ಉಪ್ಪಿಟ್ಟು ತಿನ್ನುವುದಿಲ್ಲ. ಅಂಗಡಿಯ ಸಾಹೇಬರು ತಮ್ಮ ಮನೆಮಾತು ನವಾಯತಿಯಲ್ಲಿ ಮಗನಿಗೆ ಏನೋ ಹೇಳಿ ನಕ್ಕು, ನನ್ನ ಕಡೆ ತಿರುಗಿ ಕನ್ನಡದಲ್ಲಿ ಒಂದು ಮಾತು ಹೇಳಿದರು: “ಇದ್ರಲ್ಲಿ ಇರುದೆಲ್ಲ ಕಾಣ್ತದೆ. ಮದ್ವೆ ಕೆಲ್ಸಕ್ಕೆ ಬೇಕಾ ಅಂತ ಒಮ್ಮೆ ಯೋಚ್ನೆ ಮಾಡಿ.”

ವ್ಯಾಪಾರಿ ತನ್ನ ಸರಕಿನ ಬಗ್ಗೆ ಇಷ್ಟು ಸತ್ಯ ಹೇಳಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಆದರೂ ತಂದೆ. ತಂದ ಮೇಲೆ ಎರಡೇ ಮದುವೆಯಲ್ಲಿ ನನ್ನ ಹೆಸರು ಅರ್ಧಕ್ಕಿಳಿಯಿತು. ವರನ ಗಲ್ಲದಲ್ಲಿ ಕ್ಷೌರದ ಕತ್ತಿ ತಾಗಿದ ಗಾಯ, ವಧುವಿನ ಮೂಗಿನ ಮೇಲಿನ ಬೆವರು, ಹಿಂದೆ ನಿಂತ ಅತ್ತೆಯ ಮುಖದ ಅಸಮಾಧಾನ ಎಲ್ಲವೂ ಒಡೆದು ಕಂಡವು. ಮದುವೆಯ ಫೋಟೋ ಎಂದರೆ ಬಿಡುವ ವಿದ್ಯೆ. ಊಟದ ಪಂಕ್ತಿಯ ಜಗಳ, ಬಾಡಿಗೆಯ ಒಡವೆ, ಮುನಿಸಿಕೊಂಡು ಹೊರಗೇ ಕುಳಿತ ಸೋದರಮಾವ, ಇವನ್ನೆಲ್ಲ ಚೌಕಟ್ಟಿನ ಹೊರಗಿಟ್ಟು ಉಳಿದದ್ದಕ್ಕೆ ‘ಶುಭವಿವಾಹ’ ಎಂದು ಹೆಸರಿಡುತ್ತೇವೆ. ದೂರದ ಬೆಟ್ಟ ನುಣ್ಣಗೆ ಎನ್ನುವುದು ಗಾದೆ ಮಾತ್ರವಲ್ಲ, ನಮ್ಮ ಕಸುಬಿನ ಶಾಸ್ತ್ರವೂ ಹೌದು.

ಮಂಜುನಾಥ ನನ್ನ ಬಳಿ ಬಂದದ್ದು ಆ ದಿನಗಳಲ್ಲೇ. ಕಾಸರಕೋಡಿನ ಹುಡುಗ, ಕೊಲ್ಲಿಯ ಯಾವುದೋ ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುವವ. ಹಿಂದಿನ ವರ್ಷ ತೆಂಗಿನಗುಂಡಿಯ ರೇಣುಕೆಯ ಜೊತೆ ಅವನ ಮದುವೆಯಾದಾಗ ಬೂಷ್ಟಿನ ಲೆನ್ಸಿನಲ್ಲಿ ಫೋಟೋ ತೆಗೆದವನು ನಾನೇ. ಈಗ ರಜೆಗೆ ಬಂದವನ ಕೈಯಲ್ಲಿ ಹೆಂಡತಿಯ ವೀಸಾ ಇತ್ತು, ಹೊರಡಲು ಹತ್ತು ದಿನ ಉಳಿದಿತ್ತು, ಆದರೆ ರೇಣುಕೆಯ ಅಜ್ಜಿ ದೇವಮ್ಮ ಹುಡುಗಿಯನ್ನು ಕಳಿಸುವುದಿಲ್ಲ ಎಂದು ಕುಳಿತಿದ್ದರು. ಮೀನಿನ ಬುಟ್ಟಿ ಹೊತ್ತು ಇಡೀ ಸಂಸಾರವನ್ನು ದಡ ಸೇರಿಸಿದ ಹೆಂಗಸು. ಆ ಮನೆಯಲ್ಲಿ ಅವರ ಮಾತಿನ ಮೇಲೆ ಮಾತಿಲ್ಲ. ಮಂಜುನಾಥ ತನ್ನ ಫೋಟೋಗಳನ್ನೆಲ್ಲ ತೋರಿಸಿದ್ದನಂತೆ. ಆಗ ಕೊಲ್ಲಿಗೆ ಹೋದ ನಮ್ಮ ಹುಡುಗರೆಲ್ಲ ಫೋಟೋ ತೆಗೆಸಿಕೊಳ್ಳುತ್ತಿದ್ದುದು ಯಾರದೋ ಕಾರಿಗೆ ಒರಗಿಕೊಂಡು. ಅಜ್ಜಿ ಎಲ್ಲವನ್ನೂ ನೋಡಿ, ಇದು ಕಾರಾಯಿತು, ಇದೂ ಕಾರಾಯಿತು, ನೆಲ ಎಲ್ಲಿ ಎಂದು ಕೇಳಿದ್ದರಂತೆ. ಕುಮಟೆಯ ಕಡೆ ಹೊಳೆ ಕಡಲು ಸೇರುವ ಅಳಿವೆಯ ಊರಿಂದ ತೆಂಗಿನಗುಂಡಿಗೆ ಮದುವೆಯಾಗಿ ಬಂದಾಗ ಅವರು ನೆಲ ನೋಡದೆ ಬಂದವರು, ಬಂದ ಮೊದಲ ಬೇಸಿಗೆಯಲ್ಲಿ ಸುಡುವ ಮರಳಿನಲ್ಲಿ ಬರಿಗಾಲಲ್ಲಿ ಬುಟ್ಟಿ ಹೊತ್ತು ಅತ್ತವರು. ಮೊಮ್ಮಗಳು ಹಾಗೆ ಹೋಗುವುದು ಅವರಿಗೆ ಬೇಕಿರಲಿಲ್ಲ. ನೆಲ ತೋರಿಸಿದರೆ ಕಳಿಸುತ್ತೇನೆ ಎಂದಿದ್ದರು.

ಕಂಪನಿಯ ಬೇಲಿಯೊಳಗೆ ಫೋಟೋ ತೆಗೆಯಲು ಬಿಡುವುದಿಲ್ಲವಾದ್ದರಿಂದ ಅವನ ಬಳಿ ನೆಲದ ಒಂದು ಚಿತ್ರವೂ ಇರಲಿಲ್ಲ. ಅದಕ್ಕೆ ಅವನು ಕಂಡುಕೊಂಡ ದಾರಿ, ಮದುವೆಯ ಉಡುಪಿನಲ್ಲಿ ಇಬ್ಬರನ್ನೂ ಒಂದು ಚಂದದ ಮರುಭೂಮಿಯಲ್ಲಿ ನಿಲ್ಲಿಸಿ ನಾನೊಂದು ದೊಡ್ಡ ಫೋಟೋ ತೆಗೆಯುವುದು. ಅಲ್ಲಿಂದ ತರಿಸಿದ ಚಿತ್ರಕ್ಕೆ ಸ್ಟುಡಿಯೋದಲ್ಲಿ ಇವರಿಬ್ಬರನ್ನು ಸೇರಿಸಿದ್ದು, ಅಲ್ಲಿನ ನೆಲ ಇಂಥದ್ದೇ ಎಂದು ಹೇಳಿ ಅಜ್ಜಿಗೆ ತೋರಿಸುವುದು. ರೇಣುಕೆ ಸ್ಟುಡಿಯೋದ ಬೆಂಚಿನ ತುದಿಯಲ್ಲಿ ಕುಳಿತು ಸೆರಗಿನ ಗೊಂಡೆ ಬಿಚ್ಚಿ ಕಟ್ಟುತ್ತಿದ್ದಳು. ಒಂದು ವರ್ಷದಲ್ಲಿ ಗಂಡನ ಜೊತೆ ಒಂದು ತಿಂಗಳೂ ಇರದ ಹುಡುಗಿ ಅವಳು. ಅಜ್ಜಿ ಒಪ್ಪುವ ಹಾಗೆ ತೆಗೆಯಿರಿ ಎಂದಷ್ಟೇ ಹೇಳಿದಳು. ವಯಸ್ಸಾದವರಿಗೆ ಮೋಸ ಮಾಡುವುದು ಸರಿಯೇ ಎಂದು ನಾನು ಯೋಚಿಸಬೇಕಿತ್ತು. ನಾನು ಯೋಚಿಸಿದ್ದು ಯಾವ ಲೆನ್ಸು ಎಂದು.

ವರ್ಷಕ್ಕೆ ನಾಲ್ಕು ತಿಂಗಳು ನೆನೆಯುವ ನಾಡಿನಲ್ಲಿ ಮರುಭೂಮಿ ಹುಡುಕುವ ಕಷ್ಟ ಹುಡುಕಿದವನಿಗೇ ಗೊತ್ತು. ಮೊದಲು ಕಡಲತೀರಕ್ಕೆ ಹೋದೆವು. ಎರವಲು ತಂದ, ಅಗಲವಾಗಿ ನೋಡುವ ಲೆನ್ಸು ಹಾಕಿದರೆ ಮರಳಿನ ಜೊತೆ ಸಮುದ್ರ, ಗಾಳಿಮರ, ದೋಣಿ, ಒಣಗಲು ಹಾಕಿದ ಮೀನು, ಮೀನು ಕಾಯುವ ಕಾಗೆ ಎಲ್ಲವೂ ಒಳಗೆ ಬರುತ್ತಿದ್ದವು. ಹಾಗೇ ಎರವಲು ತಂದ, ಇಕ್ಕಟ್ಟಾಗಿ ನೋಡುವ ಲೆನ್ಸು ಹಾಕಿದರೆ ಮರುಭೂಮಿ ನಮ್ಮ ಮನೆಯ ಅಂಗಳದಷ್ಟು ಚಿಕ್ಕದಾಗುತ್ತಿತ್ತು. ವಿಶಾಲವೂ ಬೇಕು, ಏನೂ ಕಾಣಲೂ ಬಾರದು ಎಂಬ ಈ ಬೇಡಿಕೆ ಲೆನ್ಸಿನದ್ದಲ್ಲ, ಮನುಷ್ಯನದ್ದೇ ಎಂದು ಈಗ ಅನ್ನಿಸುತ್ತದೆ. ಕೊಲ್ಲಿಯಲ್ಲಿ ಮಂಜುನಾಥನ ಕೋಣೆಯ ಗೋಡೆಯ ಮೇಲೆ ಜಲಪಾತದ ಕ್ಯಾಲೆಂಡರ್ ಇದೆಯಂತೆ, ಸಂಬಳದ ದಿನವೂ ಬೇಸರದ ದಿನವೂ ಎಲ್ಲರೂ ಅದನ್ನೇ ನೋಡುತ್ತಾರಂತೆ. ಅಲ್ಲಿ ನೀರಿನ ಚಿತ್ರ, ಇಲ್ಲಿ ಮರಳಿನ ಚಿತ್ರ.

ಕೊನೆಗೆ ಮರುಭೂಮಿ ಸಿಕ್ಕಿದ್ದು ಶರಾವತಿಯ ದಡದಲ್ಲಿ. ಹೊಳೆಯ ತಳದಿಂದ ದೋಣಿಯಲ್ಲಿ ತಂದ ಹೊಯ್ಗೆಯನ್ನು, ಮರಳಿಗೆ ನಮ್ಮ ಕಡೆಯ ಮಾತು ಅದು, ದಡದಲ್ಲಿ ಎರಡಾಳೆತ್ತರ ರಾಶಿ ಹಾಕಿದ್ದರು. ಕೆಳಗೆ ಬೋರಲು ಮಲಗಿ ನೋಡಿದರೆ ಮರಳಿನ ಏರು, ಅದರ ಮೇಲೆ ಬರೀ ಆಕಾಶ. ಆದರೆ ಈ ಮರುಭೂಮಿಯನ್ನು ಲೋಡಿನ ಲೆಕ್ಕದಲ್ಲಿ ಮಾರುತ್ತಿದ್ದರು. ನಾವು ಈಚೆಯಿಂದ ಮದುಮಕ್ಕಳನ್ನು ಹತ್ತಿಸುತ್ತಿದ್ದಾಗ ಆಚೆಯಿಂದ ಲಾರಿಗೆ ತುಂಬುತ್ತಿದ್ದರು. ನಾನು ಬೆಳಕು ಅಳೆದು ತಲೆಯೆತ್ತುವಷ್ಟರಲ್ಲಿ ದಿಗಂತ ಒಂದು ಮೊಳ ತಗ್ಗಿರುತ್ತಿತ್ತು. ಬುಟ್ಟಿ ಹಿಡಿದವನೊಬ್ಬ ದಿಬ್ಬದ ಹಿಂದಿನಿಂದ ಮುಖ ತೋರಿಸಿ, ನಿಮ್ಮದು ಆತಾ ಇಲ್ಲವಾ, ಈ ಲೋಡು ಕತಗಾಲಕ್ಕೆ ಹೋಗುವುದು ಎಂದ. ಬಲಗಡೆಯ ಏರನ್ನು ಅರ್ಧ ಗಂಟೆ ಮುಟ್ಟಬೇಡಿರೆಂದು ಬೇಡಿಕೊಂಡದ್ದಕ್ಕೆ, ಲಾರಿಯ ಮುಂದೆ ತನ್ನದೊಂದು ಫೋಟೋ ತೆಗೆಯಬೇಕೆಂದು ಡ್ರೈವರ್ ಷರತ್ತು ಹಾಕಿದ. ಅದನ್ನೂ ತೆಗೆದೆ.

ಮೇ ತಿಂಗಳ ಬಿಸಿಲು. ಚೀಲದಲ್ಲಿ ನನ್ನ ಸ್ವಂತದ ಎರಡು ಲೆನ್ಸೂ ಇದ್ದವು. ಹಳೆಯದು ಎಲ್ಲವನ್ನೂ ಮಂಜಿನಲ್ಲಿ ಮುಚ್ಚಿ ಕಾಪಾಡುತ್ತಿತ್ತು, ಸುಳ್ಳು ಹೇಳಲು ಅದಕ್ಕಿಂತ ನಂಬಿಗಸ್ತ ಸಂಗಾತಿಯಿರಲಿಲ್ಲ. ಆದರೆ ಇಷ್ಟು ಒಳ್ಳೆಯ ಮರಳು ಕಣಕಣವಾಗಿ ಮೂಡಿದರೆ ಹೇಗಿದ್ದೀತು ಎಂಬ ಜಂಬ ನನ್ನನ್ನು ಬಿಡಲಿಲ್ಲ, ಹೊಸದನ್ನೇ ಹಾಕಿದೆ. ಕಣ್ಣೆಲ್ಲ ಚೌಕಟ್ಟಿನ ಅಂಚಿನ ಮೇಲೆ, ಎಲ್ಲಿ ತೆಂಗಿನ ಗರಿ ಇಣುಕೀತು, ಎಲ್ಲಿ ಲಾರಿಯ ಮೂತಿ ಕಂಡೀತು ಎಂದು. ಮೇಲೆ ಕೋಟು ಹಾಕಿದ ಮಂಜುನಾಥ ಒಂದು ಕ್ಷಣ ಸುಮ್ಮನೆ ನಿಲ್ಲುತ್ತಿರಲಿಲ್ಲ, ಬಿಸಿ ಕಾವಲಿಯ ಮೇಲೆ ನಿಂತವನ ಹಾಗೆ ಕಾಲು ಬದಲಿಸುತ್ತಲೇ ಇದ್ದ. ವರನೆಂದರೆ ಗಂಭೀರವಾಗಿ ನಿಲ್ಲಬೇಕು, ಇದೇನು ಕೋಲಾಟವೇ ಎಂದು ಗದರಿದೆ. ಅವನು ಹಲ್ಲು ಕಚ್ಚಿ ನಿಂತ, ಅದು ನಗುವಿನ ಹಾಗೆ ಕಂಡಿತು, ಒತ್ತಿದೆ.

ಫೋಟೋ ಅದ್ಭುತವಾಗಿ ಬಂತು. ತೆಂಗಿಲ್ಲ, ಲಾರಿಯಿಲ್ಲ, ಹೊಳೆಯಿಲ್ಲ. ದೊಡ್ಡದಾಗಿ ಮಾಡಿಸಿ, ಹೊಗಳಿಕೆಯನ್ನು ಕಿವಿಯಾರೆ ಕೇಳಬೇಕೆಂಬ ಚಪಲಕ್ಕೆ ನಾನೇ ಅವರ ಜೊತೆ ತೆಂಗಿನಗುಂಡಿಗೆ ಹೋದೆ. ದೇವಮ್ಮಜ್ಜಿ ಜಗಲಿಯಲ್ಲಿ ಮೀನಿಗೆ ಉಪ್ಪು ಹಾಕುತ್ತಿದ್ದರು. ಕೈ ತೊಳೆದು, ಸೆರಗಿಗೆ ಒರೆಸಿ, ಫೋಟೋವನ್ನು ಬೆಳಕಿಗೆ ಹಿಡಿದರು. ಮುಖಗಳನ್ನು ನೋಡಲಿಲ್ಲ, ಆಕಾಶವನ್ನು ನೋಡಲಿಲ್ಲ. ಅವರ ಬೆರಳು ನೇರವಾಗಿ ಕೆಳಗಿಳಿದು ರೇಣುಕೆಯ ಸೀರೆಯಂಚಿನ ಹತ್ತಿರ ನಿಂತಿತು. ಬಗ್ಗಿ ನೋಡಿದೆ. ಮರಳಿನಲ್ಲಿ ಅರ್ಧ ಹೂತ ಒಂದು ಚಿಪ್ಪು, ಅದರ ಮೈಮೇಲಿನ ಗೆರೆಗಳನ್ನೂ ಎಣಿಸಬಹುದಿತ್ತು. ಹೊಳೆ ಕಡಲು ಸೇರುವಲ್ಲಿ ಕೆಸರಿನಿಂದ ಆಯ್ದು ಸಾರು ಮಾಡುವ ಬಳಚು. ಜಪಾನಿನ ಗಾಜು ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿತ್ತು.

ಕಲ್ಲಿರಬೇಕು ಎಂದೆ. ಮಂಜುನಾಥ ಕೆಮ್ಮಿದ. ರೇಣುಕೆ ಬಾಗಿಲಿನ ಚೌಕಟ್ಟನ್ನು ಹಿಡಿದು ನಿಂತಿದ್ದಳು, ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅಜ್ಜಿ ಫೋಟೋದ ಕೆಳಭಾಗವನ್ನೇ ಬಹಳ ಹೊತ್ತು ನೋಡಿದರು.

“ಬಳಚು ಸಿಗು ಊರಲ್ಲಿ ಹೊಟ್ಟೆಗೆ ತೊಂದ್ರೆ ಇಲ್ಲ,” ಎಂದರು. “ಆತು, ಹೋಗ್ಲಿ.”

ರೇಣುಕೆ ಹೋದಳು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ, ನಾಚಿಕೆಯಾಯಿತು. ಜೀವಮಾನವಿಡೀ ಹೊಯ್ಗೆ ತುಳಿದ ಹೆಂಗಸಿಗೆ ಹೊಯ್ಗೆ ತೋರಿಸಿ ಮೋಸ ಮಾಡಿದೆ ಎಂಬುದು ನೆಟ್ಟ ಮುಳ್ಳಿನಂತೆ ಚುಚ್ಚುತ್ತಿತ್ತು. ಪೇಟೆಯಲ್ಲಿ ಮೀನಿನ ಬುಟ್ಟಿ ಕಂಡರೆ ಓಣಿ ಬದಲಿಸುತ್ತಿದ್ದೆ, ಹೀಗಾಗಿ ನಮ್ಮ ಮನೆಯಲ್ಲಿ ಮೀನಿನ ಸಾರು ಅಪರೂಪವಾಯಿತು, ಹೆಂಡತಿಗೆ ಕಾರಣ ಹೇಳಲೂ ಆಗಲಿಲ್ಲ. ಸುಳ್ಳಿಗೆ ಹಳೆಯ ಲೆನ್ಸೇ ಸರಿಯಿತ್ತು ಎಂದುಕೊಂಡೆ. ಹೊಸದನ್ನು ಮಾರಿಬಿಡುವ ಯೋಚನೆಯೂ ಬಂತು.

ಮಳೆ ನಿಂತು ದೀಪಾವಳಿ ಹತ್ತಿರವಾದಾಗ ಒಂದು ಮಧ್ಯಾಹ್ನ ದೇವಮ್ಮಜ್ಜಿಯೇ ಸ್ಟುಡಿಯೋದ ಮೆಟ್ಟಿಲು ಹತ್ತಿದರು. ಕುಮಟೆಯ ತವರಿಗೆ ಹೋಗಿ ಬಸ್ಸಿನಲ್ಲಿ ಮರಳುವ ದಾರಿಯಲ್ಲಿ ಇಳಿದಿದ್ದರು. ತಪ್ಪಿಸಿಕೊಳ್ಳಲು ಹಿಂಬಾಗಿಲಿಲ್ಲದ ಸ್ಟುಡಿಯೋ ನನ್ನದು. ಅವರು ಬಾಳೆಲೆಯ ಒಂದು ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ಬಿಚ್ಚಿದರೆ ಕೆಸರಿನ ವಾಸನೆಯ ಹಸಿ ಬಳಚು.

“ತಕೋ. ನಿನ್ನ ಮರುಭೂಮಿದು.”

ಸ್ನೇಹಿತರೇ, ಆ ಹೊತ್ತು ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಪ್ಪಾಯಿತು ಎಂದೆ. ಗೊತ್ತಿದ್ದೂ ಯಾಕೆ ಕಳಿಸಿದಿರಿ ಎಂದು ಕೇಳಿದೆ. ಅಜ್ಜಿ ಗೋಡೆಗೆ ತೂಗುಹಾಕಿದ್ದ ಅದೇ ಫೋಟೋದ ಹತ್ತಿರ ಹೋದರು. ಹೌದು, ನಾಚಿಕೆಯೊಳಗೂ ಜಂಬ ಬಿಡದ ನಾನು ಅದರ ಒಂದು ಪ್ರತಿಯನ್ನು ಅಲ್ಲಿ ಹಾಕಿದ್ದೆ. ಮತ್ತೆ ಅದೇ ಜಾಗದಲ್ಲಿ ಬೆರಳಿಟ್ಟರು. ಈ ಸಲ ನಾನು ಚಿಪ್ಪಿನ ಪಕ್ಕದ್ದನ್ನು ನೋಡಿದೆ. ರೇಣುಕೆಯ ಸೀರೆಯಂಚಿನ ಕೆಳಗೆ ಇಣುಕುತ್ತಿದ್ದುದು ಗಂಡಸರ ಕಪ್ಪು ಬೂಟಿನ ಮೂತಿ. ಅವಳ ಪಕ್ಕದಲ್ಲಿ, ಕೋಟು ಹಾಕಿ ಟೈ ಕಟ್ಟಿದ ಮಂಜುನಾಥ, ಮೇ ತಿಂಗಳ ನಡುಮಧ್ಯಾಹ್ನದ ಹೊಯ್ಗೆಯಲ್ಲಿ ಬರಿಗಾಲಲ್ಲಿ ನಿಂತಿದ್ದ. ಚೌಕಟ್ಟಿನ ಅಂಚು ಕಾಯುತ್ತಿದ್ದ ನನಗೆ ಅಷ್ಟು ತಿಂಗಳೂ ಅದು ಕಂಡಿರಲಿಲ್ಲ. ಕೋಲಾಟವೇ ಎಂದು ಗದರಿದ್ದು ನೆನಪಾಯಿತು.

“ನಾ ನೆಲ ನೋಡುಕೆ ಕೇಳಿದ್ದೆ,” ಎಂದರು ಅಜ್ಜಿ. “ಅದು ಸುಳ್ಳಿತ್ತು. ಹುಡ್ಗನ ಕಾಲು ಕಂಡಿತು, ಸಾಕಾತು.”

ಆಮೇಲೆ ಸ್ಟೂಲಿನ ಮೇಲೆ ಕುಳಿತು, ರೇಣುಕೆಗೆ ಕಳಿಸಲು ತಮ್ಮದೊಂದು ಫೋಟೋ ಬೇಕು, ಆ ಚಿಪ್ಪು ತೋರಿಸಿದ ಕಣ್ಣಿನಲ್ಲೇ ತೆಗೆಯಬೇಕು, ಸುಕ್ಕು ಮುಚ್ಚಬಾರದು ಎಂದು ಹೇಳಿದರು. ತೆಗೆದೆ. ಅಂಚನ್ನು ಬಿಟ್ಟು ಮೊದಲು ಕಾಲನ್ನು ನೋಡಿದೆ. ಬುಟ್ಟಿ ಹೊತ್ತ ವರ್ಷಗಳೆಲ್ಲ ಆ ಹಿಮ್ಮಡಿಯ ಬಿರುಕಿನಲ್ಲಿದ್ದವು.

ಈಗ ಮರುಭೂಮಿಯನ್ನು ಕಂಪ್ಯೂಟರಿನಲ್ಲಿ ಅಂಟಿಸುತ್ತಾರೆ, ಒಂಟೆಯೂ ಉಚಿತವಾಗಿ ಬರುತ್ತದೆ, ಲಾರಿಯವನನ್ನು ಬೇಡಿಕೊಳ್ಳಬೇಕಿಲ್ಲ. ನನ್ನ ಎರಡು ಲೆನ್ಸುಗಳು ಮಾತ್ರ ಒಂದೇ ಡಬ್ಬದಲ್ಲಿ, ಒಂದೇ ಅಕ್ಕಿಯಲ್ಲಿ ಮಲಗಿವೆ, ಮುಚ್ಚುವುದೂ ತೋರಿಸುವುದೂ ಅಕ್ಕಪಕ್ಕದಲ್ಲಿ. ಅವುಗಳ ನಡುವೆ ಒಂದು ಬಳಚಿನ ಚಿಪ್ಪೂ ಇದೆ. ಅಕ್ಕಿ ಬದಲಿಸುವಾಗಲೆಲ್ಲ ಹೆಂಡತಿ ಅದನ್ನು ಎತ್ತಿ, ಸಾರು ಮಾಡಿ ಎಷ್ಟು ಕಾಲವಾಯಿತು, ಇದನ್ನಾದರೂ ಎಸೆಯಲೇ ಎಂದು ಕೇಳುತ್ತಾಳೆ.

ಬೇಡ, ಅದು ಮರುಭೂಮಿಯದು, ತೇವ ತಾಗದಿರಲಿ ಎನ್ನುತ್ತೇನೆ.